ಅಳಿಸಲಾಗದ ಲೆಕ್ಕವೂ ನಂಬಿಕೆಯೂ

ಮನುಷ್ಯರು ಒಬ್ಬರನ್ನೊಬ್ಬರು ಪೂರ್ಣವಾಗಿ ನಂಬುವವರಾಗಿದ್ದರೆ ಲೆಕ್ಕವನ್ನು ಬರೆದಿಡುವ ಪದ್ಧತಿಯೇ ಹುಟ್ಟುತ್ತಿರಲಿಲ್ಲ. ಎಳ್ಳಷ್ಟೂ ನಂಬದವರಾಗಿದ್ದರೆ ಬರೆದಿಡತಕ್ಕ ವ್ಯವಹಾರವೇ ಹುಟ್ಟುತ್ತಿರಲಿಲ್ಲ. ಈ ಎರಡರ ನಡುವಣ ಸ್ಥಿತಿಯಲ್ಲಿ ನಾವಿರುವುದರಿಂದಲೇ ಕಿರ್ದಿ, ಖಾತೆ, ರುಜು, ಮೊಹರು, ಸಾಕ್ಷಿ ಇವೆಲ್ಲ ಬೇಕಾದುವು. ನಮ್ಮ ನಾಡಿನ ಹಿಂದಿನ ವರ್ತಕರೂ ಶಾನುಭೋಗರೂ ಕಡತವೆಂಬ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಗಟ್ಟಿಮಾಡಿದ ಆ ಬಟ್ಟೆಯ ಮೇಲಣ ಬರಹವು ಬಹುಕಾಲ ಬಾಳುತ್ತಿದ್ದಿತು. ಬೇಕೆಂದಾಗ ಅದನ್ನು ಒರಸಿ ಮತ್ತೆ ಬರೆಯುವುದಕ್ಕೂ ಬರುತ್ತಿದ್ದಿತು. ಆದರೆ ಅದೇ ನಾಡಿನ ಅರಸರು ಭೂಮಿಯನ್ನು ದತ್ತಿಯಾಗಿ ಬಿಡುವಾಗ ಕಡತವನ್ನು ನೆಚ್ಚದೆ, ಕಲ್ಲಿನ ಮೇಲೋ ತಾಮ್ರದ ಹಲಗೆಯ ಮೇಲೋ ಕೊರೆಯಿಸಿ, ಸಾಕ್ಷಿಗಳ ಹೆಸರನ್ನು ಹೇಳಿಸಿ, ಸೂರ್ಯಚಂದ್ರರಿರುವವರೆಗೆ ಇದು ನಡೆಯತಕ್ಕುದೆಂದು ಬರೆಯಿಸುತ್ತಿದ್ದರು. ದಿನದಿನದ ವ್ಯವಹಾರಕ್ಕೆ ಒರಸಬಹುದಾದ ಲೆಕ್ಕವೂ, ತಲೆಮಾರುಗಳನ್ನು ದಾಟಬೇಕಾದ ಹಕ್ಕಿಗೆ ಒರಸಲಾಗದ ಲೆಕ್ಕವೂ ಬೇಕೆಂಬ ವಿವೇಕ ಅವರಿಗಿದ್ದಿತು.

ಸುಮಾರು ೨೦೧೫ರಿಂದೀಚೆಗೆ ಜಗತ್ತಿನ ದೊಡ್ಡ ವರ್ತಕ ಸಂಸ್ಥೆಗಳೂ, ಬ್ಯಾಂಕುಗಳೂ, ಕೆಲವು ಸರಕಾರಗಳ ಇಲಾಖೆಗಳೂ ಒರಸಲಾಗದ ಹೊಸ ಬಗೆಯ ಲೆಕ್ಕವೊಂದನ್ನು ತಮ್ಮ ವ್ಯವಹಾರಕ್ಕೆ ತಂದುಕೊಳ್ಳುವ ಪ್ರಯತ್ನದಲ್ಲಿ ತೊಡಗಿವೆ. ಅದಕ್ಕೆ ಬ್ಲಾಕ್‌ಚೈನ್ ಎಂದು ಹೆಸರು. ಹಾಳೆ ಹಾಳೆಗೂ ಕೊಂಡಿಯಿರುವ ಸರಪಣಿ ಲೆಕ್ಕವೆಂದು ನಾವು ತಿಳಿದುಕೊಂಡರೆ ಸಾಕು. ಈ ಲೆಕ್ಕವಿದ್ದಲ್ಲಿ ವ್ಯವಹರಿಸುವವರು ಒಬ್ಬರನ್ನೊಬ್ಬರು ನಂಬಬೇಕಾದ ಅಗತ್ಯವೇ ಇಲ್ಲವೆಂದು ಅದರ ಪಕ್ಷಪಾತಿಗಳು ಹೇಳುತ್ತಾರೆ. ಕೇಳುವುದಕ್ಕೆ ಇದು ಯಂತ್ರವಿದ್ಯೆಯ ಮಾತಿನಂತಿದ್ದರೂ ನಿಜವಾಗಿ ನೀತಿಗೆ ಸೇರಿದ ಮಾತು. ನಂಬಿಕೆಯೆಂಬುದು ಒಳ್ಳೆಯ ಯಂತ್ರ ಬರುವವರೆಗೆ ಮಾತ್ರ ಸಹಿಸಿಕೊಳ್ಳಬೇಕಾದ ಕೊರತೆಯೇ? ಅಥವಾ ಯಂತ್ರ ಬಂದ ಮೇಲೂ ತೀರದೆ ಉಳಿಯುವ ಋಣವೇ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಹೊರಡುವುದಕ್ಕಿಂತ, ಆ ಲೆಕ್ಕವನ್ನು ತಂದುಕೊಂಡವರ ಗತಿಯೇನಾಯಿತೆಂಬುದನ್ನು ನೋಡಿ ವಿಚಾರಮಾಡುವುದು ಮೇಲೆಂದು ನನಗೆ ತೋರುತ್ತದೆ.

ಮೊದಲು ಅದರ ರಚನೆಯನ್ನು ಸ್ಥೂಲವಾಗಿ ಹೇಳಬೇಕು. ಲೆಕ್ಕದ ಪುಸ್ತಕದ ಒಂದು ಹಾಳೆ ತುಂಬಿದ ಕೂಡಲೆ ಅದರಲ್ಲಿರುವ ಎಲ್ಲ ಬರಹವನ್ನೂ ಒಂದು ಗಣಿತಕ್ರಮಕ್ಕೆ ಒಳಪಡಿಸಿ, ಗೊತ್ತಾದ ಉದ್ದದ ಒಂದು ಅಂಕಮುದ್ರೆಯನ್ನು ಪಡೆಯುತ್ತಾರೆ. ಹಾಳೆಯಲ್ಲಿ ಒಂದು ಸೊನ್ನೆಯನ್ನು ಬದಲಿಸಿದರೂ ಮುದ್ರೆಯು ಗುರುತು ಸಿಕ್ಕದಂತೆ ಬೇರೆಯಾಗಿಬಿಡುತ್ತದೆ. ಮುಂದಿನ ಹಾಳೆಯ ತಲೆಯಲ್ಲಿ ಹಿಂದಿನ ಹಾಳೆಯ ಮುದ್ರೆಯನ್ನು ಬರೆಯುತ್ತಾರೆ; ಅದು ಆ ಹಾಳೆಯ ಮುದ್ರೆಯೊಳಕ್ಕೂ ಸೇರುತ್ತದೆ. ಹೀಗಾಗಿ ಹತ್ತನೆಯ ಹಾಳೆಯನ್ನು ತಿದ್ದಬೇಕೆನ್ನುವವನು ಹನ್ನೊಂದು, ಹನ್ನೆರಡು ಎಂದು ಕೊನೆಯವರೆಗೆ ಎಲ್ಲವನ್ನೂ ಮತ್ತೆ ಬರೆಯಬೇಕು. ಪುಸ್ತಕವಾದರೋ ಒಬ್ಬನ ಪೆಟ್ಟಿಗೆಯಲ್ಲಿಲ್ಲ. ವ್ಯವಹಾರದಲ್ಲಿ ಸೇರಿದ ಹಲವರ ಗಣಕಯಂತ್ರಗಳಲ್ಲಿ ಅದರ ಪ್ರತಿಗಳಿವೆ. ಒಬ್ಬನು ತನ್ನ ಪ್ರತಿಯನ್ನು ಕೆಡಿಸಿದರೆ ಉಳಿದವರ ಪ್ರತಿಗಳು ಅವನನ್ನು ಹಿಡಿದುಕೊಡುತ್ತವೆ.

ಈ ಕಲ್ಪನೆಯ ಮುಖ್ಯ ಅಂಶವನ್ನು ಹೇಬರ್ ಮತ್ತು ಸ್ಟಾರ್ನೆಟ್ಟ ಎಂಬ ಇಬ್ಬರು ವಿದ್ವಾಂಸರು ೧೯೯೧ರಲ್ಲಿ ಪ್ರಕಟಿಸಿದರು. ಒಂದು ಪತ್ರವು ಇಂತಹ ದಿನ ಇದೇ ರೂಪದಲ್ಲಿ ಇದ್ದಿತೆಂದು ಸಾಧಿಸುವುದೊಂದೇ ಅವರ ಉದ್ದೇಶ. ಅವರು ಮುಂದೆ ಕಟ್ಟಿದ ಸಂಸ್ಥೆಯು ೧೯೯೫ರಿಂದ ತನ್ನ ಅಂಕಮುದ್ರೆಯನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚುಮಾಡಿಸಿತು. ಲಕ್ಷಾಂತರ ಮನೆಗಳಿಗೆ ಹೋದ ಪತ್ರಿಕೆಯನ್ನು ಯಾರು ತಾನೆ ಹಿಂದಕ್ಕೆ ತಂದು ತಿದ್ದಬಲ್ಲರು? ೨೦೦೮ರ ಅಕ್ಟೋಬರಿನಲ್ಲಿ ಸತೋಷಿ ನಕಮೋಟೋ ಎಂಬ ಹೆಸರಿನಿಂದ ಹೊರಟ ಲೇಖನವು ಈ ಸರಪಣಿಗೆ ನಾಣ್ಯವನ್ನು ಸೇರಿಸಿತು. ೨೦೦೯ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ಆ ನಾಣ್ಯದ ಲೆಕ್ಕ ಪ್ರಾರಂಭವಾಯಿತು. ಅದರಲ್ಲಿ ಯಾರು ಬೇಕಾದರೂ ಸೇರಬಹುದು, ಯಾರಿಗೂ ಯಾರ ಪರಿಚಯವೂ ಬೇಕಿಲ್ಲ. ಆದರೆ ವರ್ತಕ ಸಂಸ್ಥೆಗಳು ತಂದುಕೊಂಡದ್ದು ಬಹುಮಟ್ಟಿಗೆ ಈ ತೆರೆದ ಲೆಕ್ಕವನ್ನಲ್ಲ. ಕರೆದವರು ಮಾತ್ರ ಬಂದು, ತಮ್ಮ ತಮ್ಮ ಹೆಸರಿನಲ್ಲಿಯೇ ಬರೆಯತಕ್ಕ ಮುಚ್ಚಿದ ಲೆಕ್ಕವನ್ನು ಅವು ಆರಿಸಿಕೊಂಡುವು. ಇದನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಪರಿಚಯವೇ ಬೇಡವೆಂದು ಹುಟ್ಟಿದ ವಿದ್ಯೆಯು ವ್ಯಾಪಾರಕ್ಕೆ ಬರುವಾಗಲೇ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿಕೊಂಡಿತು.

ಹದಿನೆಂಟನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ಎಂಬ ಸ್ಕಾಟ್ಲೆಂಡಿನ ತತ್ತ್ವಜ್ಞನು ತನ್ನ ದೊಡ್ಡ ಗ್ರಂಥದಲ್ಲಿ ಇಬ್ಬರು ರೈತರ ಪ್ರಸಂಗವೊಂದನ್ನು ಹೇಳಿದ್ದಾನೆ. ಒಬ್ಬನ ಪೈರು ಈ ದಿನ ಕೊಯ್ಲಿಗೆ ಬಂದಿದೆ, ಇನ್ನೊಬ್ಬನದು ನಾಳೆ ಬರುತ್ತದೆ. ಇಬ್ಬರೂ ಕೂಡಿ ದುಡಿದರೆ ಇಬ್ಬರಿಗೂ ಲಾಭ. ಆದರೆ ಈ ದಿನ ನಾನು ನೆರವಾದರೆ ನಾಳೆ ಅವನು ಬಂದಾನೆಂಬ ಭರವಸೆ ಏನು? ಭರವಸೆಯಿಲ್ಲದ್ದರಿಂದ ಇಬ್ಬರೂ ಒಂಟಿಯಾಗಿ ದುಡಿದು ಇಬ್ಬರ ಬೆಳೆಯೂ ಹಾಳಾಗುತ್ತದೆ. ಮಾತುಕೊಡುವುದು, ಕೊಟ್ಟ ಮಾತನ್ನು ನಡೆಸುವುದು ಎಂಬ ಸಂಪ್ರದಾಯವು ಇಂತಹ ನಷ್ಟದ ಅನುಭವದಿಂದ ಬೆಳೆದು ಬಂದಿತೆಂಬುದು ಹ್ಯೂಮನ ಅಭಿಪ್ರಾಯ. ಸರಪಣಿ ಲೆಕ್ಕದ ಪಕ್ಷಪಾತಿಗಳು ಈ ರೈತರಿಗೆ ಹೇಳುವ ಪರಿಹಾರವೇನೆಂದರೆ, ನೀವು ಮಾತುಕೊಡಬೇಕಾದುದಿಲ್ಲ, ಇಬ್ಬರೂ ಈ ಪುಸ್ತಕದಲ್ಲಿ ಬರೆಯಿರಿ ಎಂಬುದು. ಆದರೆ ಪುಸ್ತಕವನ್ನು ತೆರೆಯುವುದಕ್ಕೆ ಮುಂಚೆ ಯಾವ ಪುಸ್ತಕ, ಯಾರ ಮನೆಯ ಪುಸ್ತಕ, ಅದರ ನಿಯಮವನ್ನು ಬದಲಿಸುವ ಅಧಿಕಾರ ಯಾರದು ಎಂದು ಅವರಿಬ್ಬರೂ ಒಪ್ಪಬೇಕಷ್ಟೆ. ಈ ಮೊದಲನೆಯ ಒಪ್ಪಂದವು ಪುಸ್ತಕದೊಳಗೆ ಬರೆಯಬರುವಂಥದಲ್ಲ.

ಇದಕ್ಕೆ ಉದಾಹರಣೆಯಾಗಿ ಹಡಗಿನ ವ್ಯಾಪಾರದ ಒಂದು ಪ್ರಯತ್ನವನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಡೆನ್ಮಾರ್ಕಿನ ಮೇರ್ಸ್ಕ್ ಸಂಸ್ಥೆಯು ಆಗ ಸರಕುಪೆಟ್ಟಿಗೆಗಳನ್ನು ಸಾಗಿಸುವ ಹಡಗುಗಳವರಲ್ಲಿ ಎಲ್ಲರಿಗಿಂತ ದೊಡ್ಡದು. ಅದು ೨೦೧೪ರಲ್ಲಿ ಪೂರ್ವ ಆಫ್ರಿಕದಿಂದ ಯೂರೋಪಿಗೆ ಹೋಗುವ ತಂಪುಪೆಟ್ಟಿಗೆಯೊಂದರ ಕಾಗದಪತ್ರಗಳ ದಾರಿಯನ್ನು ಹಿಂಬಾಲಿಸಿ ನೋಡಿತು. ಸುಮಾರು ೩೦ ಮಂದಿಯ ಮತ್ತು ಕಚೇರಿಗಳ ಕೈಯನ್ನು ದಾಟಿ, ೨೦೦ಕ್ಕೂ ಹೆಚ್ಚು ಸಲ ಪತ್ರವ್ಯವಹಾರ ನಡೆದ ಮೇಲೆ ಆ ಪೆಟ್ಟಿಗೆ ಗುರಿ ಮುಟ್ಟುತ್ತಿದ್ದಿತು. ಬೆಳೆಗಾರ, ಸಾಗಣೆಯ ಏಜೆಂಟ್, ಸುಂಕದ ಕಟ್ಟೆ, ಬಂದರು, ಆರೋಗ್ಯಾಧಿಕಾರಿ, ಬ್ಯಾಂಕು — ಒಬ್ಬೊಬ್ಬರಿಗೂ ಬೇರೆ ಬೇರೆ ದಫ್ತರ. ಒಂದು ಕಾಗದ ತಡವಾದರೆ ಸರಕೇ ಕೊಳೆಯುವುದು. ಎಲ್ಲರೂ ಒಂದೇ ಸರಪಣಿ ಲೆಕ್ಕದಲ್ಲಿ ಬರೆದರೆ ಎಷ್ಟು ಅನುಕೂಲವೆಂದು ಯೋಚಿಸಿ, ೨೦೧೮ರ ಜನವರಿಯಲ್ಲಿ ಮೇರ್ಸ್ಕ್ ಮತ್ತು ಅಮೆರಿಕದ ಐಬಿಎಂ ಸಂಸ್ಥೆಗಳು ಜೊತೆಗೂಡಿ ಒಂದು ಏರ್ಪಾಟನ್ನು ಪ್ರಕಟಿಸಿದುವು. ಟ್ರೇಡ್‌ಲೆನ್ಸ್ ಎಂಬ ಹೆಸರಿನಿಂದ ಅದು ಅದೇ ವರ್ಷ ಕಾರ್ಯಕ್ಕಿಳಿಯಿತು.

ಯಂತ್ರದಲ್ಲಿ ಹೇಳಿಕೊಳ್ಳುವಂತಹ ದೋಷವೇನೂ ಇರಲಿಲ್ಲ. ಆದರೆ ಮೇರ್ಸ್ಕ್ ಹಡಗಿನವರ ಪ್ರತಿಸ್ಪರ್ಧಿಗಳು ಕೇಳಿದ ಪ್ರಶ್ನೆ ಬಹು ಸರಳವಾದುದು. ಈ ಪುಸ್ತಕ ಯಾರದು? ಪುಸ್ತಕದ ಸ್ವಾಮ್ಯವು ಮೇರ್ಸ್ಕ್ ಮತ್ತು ಐಬಿಎಂ ಇವರದೇ ಆಗಿದ್ದಿತು. ನಮ್ಮ ಎದುರಾಳಿಯ ಅಂಗಡಿಯಲ್ಲಿ ಕುಳಿತು ನಮ್ಮ ಲೆಕ್ಕವನ್ನು ಬರೆಯಿರೆಂದರೆ, ಮಸಿ ಎಷ್ಟೇ ಅಳಿಸಲಾಗದ್ದಾದರೂ ನಾವು ಹಿಂಜರಿಯುವುದಿಲ್ಲವೆ? ೨೦೧೯ರಲ್ಲಿ ಎಂಎಸ್‌ಸಿ, ಸಿಎಂಎ ಸಿಜಿಎಂ ಮೊದಲಾದ ದೊಡ್ಡ ಸಂಸ್ಥೆಗಳು ಸೇರಲೊಪ್ಪಿದುವು. ಆದರೂ ಇಡೀ ಉದ್ಯಮವು ಕೂಡಿ ಬರಲಿಲ್ಲ. ೨೦೨೨ರ ನವೆಂಬರಿನಲ್ಲಿ ಟ್ರೇಡ್‌ಲೆನ್ಸನ್ನು ನಿಲ್ಲಿಸುವುದಾಗಿ ಇಬ್ಬರೂ ಪ್ರಕಟಿಸಿದರು; ೨೦೨೩ರ ಮೊದಲ ತಿಂಗಳುಗಳಲ್ಲಿ ಅದು ಮುಚ್ಚಿತು. ಉದ್ಯಮದ ಸಂಪೂರ್ಣ ಸಹಕಾರ ದೊರೆಯಲಿಲ್ಲವೆಂಬುದೇ ಅವರು ಕೊಟ್ಟ ಕಾರಣ. ಪರಸ್ಪರ ನಂಬಿಕೆಯ ಅಗತ್ಯವಿಲ್ಲದಂತೆ ಮಾಡುತ್ತೇವೆಂದು ಹೊರಟ ಲೆಕ್ಕವು ಪರಸ್ಪರ ನಂಬಿಕೆಯ ಕೊರತೆಯಿಂದ ನಿಂತುಹೋದುದು ವಿಚಾರಾರ್ಹವಾಗಿದೆ. ಇದು ಒಂಟಿ ಪ್ರಸಂಗವೂ ಅಲ್ಲ. ಯೂರೋಪಿನ ಬ್ಯಾಂಕುಗಳು ಸೇರಿ ಕಟ್ಟಿದ ವಿ.ಟ್ರೇಡ್ ಎಂಬ ಸಂಸ್ಥೆಯೂ, ವಿಮಾ ಸಂಸ್ಥೆಗಳು ಕಟ್ಟಿದ ಬಿ೩ಐ ಎಂಬುದೂ ಅದೇ ೨೦೨೨ರಲ್ಲಿ ದಿವಾಳಿಯಾದುವು.

ಅನಂತರ ಕಾಗದರಹಿತ ಸರಕುಪತ್ರದ ಕೆಲಸ ಮುಂದುವರಿದ ರೀತಿಯನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಹಡಗಿನ ಸಂಸ್ಥೆಗಳು ೨೦೧೯ರಲ್ಲಿಯೇ ಆಮ್‌ಸ್ಟರ್‌ಡಾಮಿನಲ್ಲಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡು, ಪತ್ರದಲ್ಲಿ ಯಾವ ಅಂಶವನ್ನು ಯಾವ ರೂಪದಲ್ಲಿ ಬರೆಯಬೇಕೆಂಬ ಸಾಮಾನ್ಯ ನಿಯಮಗಳನ್ನು ಮಾಡತೊಡಗಿದುವು. ೨೦೩೦ರ ವೇಳೆಗೆ ಎಲ್ಲ ಸರಕುಪತ್ರಗಳನ್ನೂ ವಿದ್ಯುನ್ಮಾನ ರೂಪಕ್ಕೆ ತರುವುದಾಗಿ ಆ ಸಂಘದವರು ೨೦೨೩ರಲ್ಲಿ ಮಾತುಕೊಟ್ಟರು. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಅಂತಹ ಪತ್ರಕ್ಕೆ ಕಾಗದಕ್ಕಿರುವ ಅಧಿಕಾರವನ್ನೇ ಕೊಟ್ಟು ಕಾನೂನು ಮಾಡಿತು. ಸರಪಣಿ ಲೆಕ್ಕವನ್ನೇ ಉಪಯೋಗಿಸಬೇಕೆಂಬ ಕಟ್ಟು ಆ ಕಾನೂನಿನಲ್ಲಿಲ್ಲ. ಸಂಘ, ಮಾತು, ಕಾನೂನು — ಹ್ಯೂಮನ ರೈತರಿಗೂ ಪರಿಚಿತವಾಗಬಹುದಾಗಿದ್ದ ಹಳೆಯ ಉಪಾಯಗಳೇ ಇವು.

ಹಾಗೆಂದು ಈ ಲೆಕ್ಕದಿಂದ ಉಪಕಾರವೇ ಆಗಿಲ್ಲವೆಂದರೆ ಅನ್ಯಾಯವಾದೀತು. ವಾಲ್‌ಮಾರ್ಟ್ ಎಂಬ ದೊಡ್ಡ ಅಂಗಡಿಯ ಸಂಸ್ಥೆಗೆ ಕೆನಡ ದೇಶದಲ್ಲಿ ಸರಕು ಸಾಗಿಸುವ ಲಾರಿ ಕಂಪೆನಿಗಳು ೭೦. ದಾರಿಯಲ್ಲಿ ನಿಂತ ಹೊತ್ತು, ಇಂಧನ, ದೂರ ಇವುಗಳ ಲೆಕ್ಕ ಎರಡು ಕಡೆಯ ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ, ೧೦೦ ಬಿಲ್ಲುಗಳಲ್ಲಿ ೭೦ರಷ್ಟು ತಕರಾರಿಗೆ ಬರುತ್ತಿದ್ದುವು. ೨೦೧೯ರಲ್ಲಿ ಪರೀಕ್ಷೆಗೆ ತೊಡಗಿ ೨೦೨೧ರ ಹೊತ್ತಿಗೆ ಎಲ್ಲ ಕಂಪೆನಿಗಳನ್ನೂ ಒಂದು ಸರಪಣಿ ಲೆಕ್ಕಕ್ಕೆ ಸೇರಿಸಿದ ಮೇಲೆ, ವ್ಯತ್ಯಾಸವಿರುವ ಬಿಲ್ಲುಗಳು ನೂರಕ್ಕೆ ಒಂದಕ್ಕಿಂತ ಕಡಿಮೆಯಾದುವು. ಇಲ್ಲಿ ಏಕೆ ಫಲಿಸಿತು? ವಾದದ ವಿಷಯ ಚಿಕ್ಕದು. ಎರಡು ಕಡೆಯವರಿಗೂ ತಕರಾರಿನಿಂದ ನಷ್ಟ. ಸಾಗಣೆಯ ಒಂದೊಂದು ಘಟ್ಟವೂ ನಡೆದ ಹಾಗೆಲ್ಲ ಇಬ್ಬರ ಕಣ್ಣೆದುರಿಗೇ ದಾಖಲಾಗುತ್ತಿದ್ದಿತು. ಹಿಂದೆ ಇಂಗ್ಲೆಂಡಿನ ಖಜಾನೆಯವರು ಸಾಲದ ಮೊತ್ತವನ್ನು ಕೋಲಿನ ಮೇಲೆ ಕಚ್ಚುಮಾಡಿ, ಕೋಲನ್ನು ಉದ್ದಕ್ಕೆ ಸೀಳಿ, ಕೊಟ್ಟವನಿಗೊಂದು ಕೊಂಡವನಿಗೊಂದು ಸೀಳನ್ನು ಹಂಚುತ್ತಿದ್ದರು. ಒಬ್ಬನು ತನ್ನ ಸೀಳಿನಲ್ಲಿ ಹೊಸ ಕಚ್ಚು ಹಾಕಿದರೆ ಇನ್ನೊಂದು ಸೀಳಿಗೆ ಅದು ಹೊಂದುತ್ತಿರಲಿಲ್ಲ. ಈ ಪದ್ಧತಿ ೧೮೨೬ರವರೆಗೆ ನಡೆಯಿತು. ಉಳಿದ ಕೋಲುಗಳನ್ನು ೧೮೩೪ರಲ್ಲಿ ಒಲೆಗೆ ಹಾಕಿ ಸುಡಹೋಗಿ ಪಾರ್ಲಿಮೆಂಟಿನ ಮಂದಿರವೇ ಸುಟ್ಟುಹೋಯಿತೆಂಬುದು ಪ್ರಾಸಂಗಿಕ ವಿನೋದ. ಪ್ರತಿಯೊಬ್ಬನ ಕೈಯಲ್ಲಿಯೂ ಪ್ರತಿಯಿರುವುದು ದುರ್ಬಲನಾದ ಪಕ್ಷಕ್ಕೆ ದೊಡ್ಡ ರಕ್ಷೆ. ಈ ಗುಣವನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಪ್ರತಿಯು ರಕ್ಷಿಸುವುದು ಬರೆದದ್ದನ್ನು. ಬರೆದದ್ದು ನಿಜವೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಹಿರಿಯರಿಗೆ ಬಹಳ ಅನುಭವವಿದ್ದಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯ ಪ್ರತಿಯಿಂದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧಿಕಾರಿಗಳು ರಾಜನ ಹಣವನ್ನು ಅಪಹರಿಸುವ ನಲವತ್ತು ಉಪಾಯಗಳ ಪಟ್ಟಿಯಿದೆ. ಮೊದಲು ಬಂದುದನ್ನು ತಡವಾಗಿ ಬಂದಿತೆಂದು ಬರೆಯುವುದು, ಬಾರದಿದ್ದುದನ್ನು ಬಂದಿತೆನ್ನುವುದು, ಹೆಚ್ಚು ಬಂದುದನ್ನು ಕಡಿಮೆಯೆನ್ನುವುದು, ಒಂದು ಪದಾರ್ಥ ಬಂದರೆ ಇನ್ನೊಂದನ್ನು ಬರೆಯುವುದು, ತೂಕದಲ್ಲಿ ಮೋಸ, ಅಳತೆಯಲ್ಲಿ ಮೋಸ ಎಂದು ಆ ಪಟ್ಟಿ ಬೆಳೆಯುತ್ತದೆ. ಬರೆದ ಮೇಲೆ ತಿದ್ದುವ ಕಳ್ಳತನಕ್ಕಿಂತ ಬರೆಯುವ ಕ್ಷಣದಲ್ಲಿಯೋ ಅದಕ್ಕಿಂತ ಮುಂಚೆಯೋ ನಡೆಯುವ ಕಳ್ಳತನಗಳೇ ಅದರಲ್ಲಿ ಎದ್ದುಕಾಣುತ್ತವೆ. ಕೌಟಿಲ್ಯನ ಕಾಲದ ಗುಮಾಸ್ತನಿಗೆ ಸರಪಣಿ ಲೆಕ್ಕವನ್ನು ಕೊಟ್ಟಿದ್ದರೆ ಅವನ ಉಪಾಯಗಳಲ್ಲಿ ಹೆಚ್ಚಿನವು ನಿರ್ವಿಘ್ನವಾಗಿ ನಡೆಯುತ್ತಿದ್ದುವು.

ಇನ್ನು ತಾಮ್ರಶಾಸನಗಳ ಕಥೆ. ಲೋಹದ ಮೇಲೆ ಕೊರೆದುದು ಅಳಿಯಲಾರದೆಂಬ ಗೌರವವೇ ಸುಳ್ಳುಗಾರರಿಗೆ ಆಶ್ರಯವಾಯಿತು. ಹಿಂದಿನ ಅರಸರ ಹೆಸರಿನಲ್ಲಿ ಮುಂದಿನ ಕಾಲದವರು ತಾಮ್ರಪಟಗಳನ್ನು ಕೊರೆಯಿಸಿ ಭೂಮಿಯ ಹಕ್ಕನ್ನು ಸಾಧಿಸಿದರು. ಫ್ಲೀಟ್ ಮಹಾಶಯರು ೧೯೦೧ರಲ್ಲಿ ಇಂತಹ ಕೂಟಶಾಸನಗಳ ಪಟ್ಟಿಯೊಂದನ್ನೇ ಪ್ರಕಟಿಸಿದರು. ಗಂಗರ ಹೆಸರಿನ ಪಟಗಳ ವಿಷಯದಲ್ಲಿ ಅವರಿಗೂ ರೈಸ್ ಮಹಾಶಯರಿಗೂ ನಡೆದ ದೀರ್ಘ ವಾದವು ಶಾಸನಪರಿಶೋಧಕರಿಗೆಲ್ಲ ತಿಳಿದುದೇ ಆಗಿದೆ. ಆ ಪಟಗಳು ಸುಳ್ಳೆಂದು ತೋರಿಸಿದುದು ಲೋಹವಲ್ಲ. ಅಕ್ಷರದ ರೂಪ ಯಾವ ಶತಮಾನದ್ದು, ಹೇಳಿದ ತಿಥಿಗೂ ವಾರಕ್ಕೂ ಹೊಂದಿಕೆಯುಂಟೆ, ವಂಶಾವಳಿ ಇತರ ಶಾಸನಗಳೊಡನೆ ಕೂಡುವುದೆ ಎಂದು ವಿದ್ವಾಂಸರು ಕುಳಿತು ಪರೀಕ್ಷಿಸಬೇಕಾಯಿತು. ಅಳಿಸಲಾಗದಿರುವುದರಿಂದ ಸತ್ಯಕ್ಕೆ ಆಯುಷ್ಯ ಬರುವಂತೆಯೇ ಸುಳ್ಳಿಗೂ ಬರುತ್ತದೆ. ಅಷ್ಟೇ ಅಲ್ಲದೆ, ಸುಳ್ಳಿಗೆ ಒಂದು ಗಾಂಭೀರ್ಯವೂ ಬರುತ್ತದೆ.

ವಾಲ್‌ಮಾರ್ಟಿನವರ ಮಾವಿನಹಣ್ಣಿನ ಪ್ರಯೋಗವು ಬಹಳ ಪ್ರಸಿದ್ಧವಾದುದು. ಅಮೆರಿಕದ ಅಂಗಡಿಯೊಂದರಲ್ಲಿಯ ಹೋಳುಮಾಡಿದ ಮಾವಿನಹಣ್ಣಿನ ಪೊಟ್ಟಣವು ಯಾವ ತೋಟದ್ದೆಂದು ಹುಡುಕುವುದಕ್ಕೆ ಮೊದಲು ಸುಮಾರು ಏಳು ದಿನ ಹಿಡಿಯಿತು. ಸರಪಣಿ ಲೆಕ್ಕ ಬಂದ ಮೇಲೆ ೨.೨ ಸೆಕೆಂಡು ಸಾಕಾಯಿತು. ರೋಗಾಣು ಸೇರಿದ ಆಹಾರವನ್ನು ಬೇಗ ಹಿಂದಕ್ಕೆ ತೆಗೆಯುವುದಕ್ಕೆ ಇದು ನಿಜವಾಗಿಯೂ ಪ್ರಯೋಜನಕರ. ೨೦೧೮ರಲ್ಲಿ ಸೊಪ್ಪಿನಿಂದ ಹರಡಿದ ರೋಗದ ಅನಂತರ, ತನಗೆ ಹಸಿಸೊಪ್ಪನ್ನು ಒದಗಿಸುವವರೆಲ್ಲರೂ ಮುಂದಿನ ವರ್ಷದ ಸೆಪ್ಟೆಂಬರಿನೊಳಗೆ ಈ ಲೆಕ್ಕಕ್ಕೆ ಸೇರಬೇಕೆಂದು ಆ ಸಂಸ್ಥೆ ಅಪ್ಪಣೆ ಮಾಡಿತು. ಏಳು ದಿನವು ಎರಡು ಸೆಕೆಂಡಿಗೆ ಇಳಿದುದರಲ್ಲಿ ಸರಪಣಿಯ ಪಾಲೆಷ್ಟು, ಎಲ್ಲರೂ ಒಂದೇ ರೂಪದಲ್ಲಿ ಬರೆಯಬೇಕೆಂಬ ಕಟ್ಟಳೆಯ ಪಾಲೆಷ್ಟು ಎಂಬುದು ವಿಚಾರಮಾಡತಕ್ಕ ವಿಷಯ. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚು. ಅಪ್ಪಣೆ ಮಾಡಬಲ್ಲ ದೊಡ್ಡ ಕೊಳ್ಳುಗನಿದ್ದರೆ ಸಾಧಾರಣವಾದ ಒಂದು ಖಾತೆಯೂ ಈ ಕೆಲಸವನ್ನು ಬಹುಮಟ್ಟಿಗೆ ಮಾಡೀತು. ಇಂತಹ ಲೆಕ್ಕದಲ್ಲಿ ಬೆಳಕು ಬೀಳುವುದು ಬೆಳೆಗಾರನ ಹೊಲದ ಮೇಲೆ. ಅಂಗಡಿಯವನು ಕೊಂಡ ಬೆಲೆ, ಮಾರಿದ ಬೆಲೆ, ನಡುವೆ ಉಳಿದ ಲಾಭ ಇವುಗಳ ಹಾಳೆಯನ್ನು ಬೆಳೆಗಾರನು ತೆರೆದು ನೋಡುವಂತಿಲ್ಲ. ಪಾರದರ್ಶಕತೆಯೆಂಬ ಮಾತನ್ನು ಕೇಳಿದಾಗ ಗಾಜಿನ ಯಾವ ಕಡೆ ಯಾರು ನಿಂತಿದ್ದಾರೆಂದು ಕೇಳುವುದು ಅವಶ್ಯಕ.

ಅಗತ್ಯವನ್ನು ವಿಚಾರಿಸದೆ ವಿದ್ಯೆಯನ್ನು ಮೊದಲು ಆರಿಸಿಕೊಂಡವರ ನಷ್ಟವನ್ನೂ ಹೇಳಬೇಕು. ಆಸ್ಟ್ರೇಲಿಯದ ಷೇರುಪೇಟೆಯು ೧೯೯೪ರಿಂದ ನಡೆದುಬಂದ ತನ್ನ ಲೆಕ್ಕದ ಯಂತ್ರಕ್ಕೆ ಬದಲಾಗಿ ಸರಪಣಿ ಲೆಕ್ಕವನ್ನು ತರುವುದಾಗಿ ೨೦೧೭ರ ಡಿಸೆಂಬರಿನಲ್ಲಿ ನಿಶ್ಚಯಿಸಿತು. ಮತ್ತೆ ಮತ್ತೆ ಮುಂದಕ್ಕೆ ಹೋದ ಆ ಕೆಲಸವನ್ನು ೨೦೨೨ರ ನವೆಂಬರಿನಲ್ಲಿ ನಿಲ್ಲಿಸಿ, ಸುಮಾರು ೨೫ ಕೋಟಿ ಆಸ್ಟ್ರೇಲಿಯದ ಡಾಲರುಗಳನ್ನು ನಷ್ಟಕ್ಕೆ ಬರೆದುಕೊಂಡಿತು. ಒಂದು ವರ್ಷದ ತರುವಾಯ ನಮ್ಮ ದೇಶದ ಟಾಟಾ ಕನ್ಸಲ್ಟೆನ್ಸಿಯವರ ಸಿದ್ಧವಾದ ಸಾಮಾನ್ಯ ವ್ಯವಸ್ಥೆಯೊಂದನ್ನು ಆರಿಸಿಕೊಂಡಿತು. ಷೇರುಪೇಟೆಯೆಂದರೆ ಕೊಳ್ಳುವವರೂ ಮಾರುವವರೂ ನಂಬಿ ಲೆಕ್ಕವನ್ನು ಒಪ್ಪಿಸಿರುವ ಮಧ್ಯಸ್ಥ ಸಂಸ್ಥೆ. ಕಾನೂನು ಅದರ ಬೆನ್ನಿಗಿದೆ. ಮಧ್ಯಸ್ಥನೇ ಇಲ್ಲದಂತೆ ಮಾಡುವುದಕ್ಕೆ ಹುಟ್ಟಿದ ಉಪಕರಣವನ್ನು ಮಧ್ಯಸ್ಥನೇ ದುಬಾರಿ ಬೆಲೆಗೆ ಕಟ್ಟಿಸಹೊರಟುದು ವಿಚಿತ್ರ. ಆ ೨೦೧೭ರ ಕೊನೆಯ ತಿಂಗಳುಗಳ ಗಾಳಿಯೇ ಹಾಗಿದ್ದಿತು. ಚಹದ ಪಾನಕ ಮಾರುವ ಅಮೆರಿಕದ ಕಂಪೆನಿಯೊಂದು ತನ್ನ ಹೆಸರಿಗೆ ಬ್ಲಾಕ್‌ಚೈನ್ ಎಂಬ ಪದವನ್ನು ಸೇರಿಸಿಕೊಳ್ಳುವುದಾಗಿ ಪ್ರಕಟಿಸಿದ ದಿನವೇ ಅದರ ಷೇರಿನ ಬೆಲೆ ಎರಡು ಪಾಲಿಗಿಂತ ಹೆಚ್ಚಾಯಿತು! ಪಾನಕ ಮಾತ್ರ ಹಿಂದಿನಂತೆಯೇ ಇದ್ದಿತು.

ಇನ್ನೊಂದು ಸೂಕ್ಷ್ಮವಾದ ಪ್ರಶ್ನೆಯಿದೆ. ಅಳಿಸಲಾಗದಿರುವುದು ಎಲ್ಲ ಕಾಲದಲ್ಲಿಯೂ ಒಳ್ಳೆಯದೇ? ಪ್ರಾಮಾಣಿಕನಾದ ಲೆಕ್ಕಿಗನು ಕಿರ್ದಿಯಲ್ಲಿ ತಪ್ಪು ಬಂದರೆ ಕೆರೆದು ತೆಗೆಯುವುದಿಲ್ಲ. ಎದುರು ಜಮೆಯನ್ನೋ ಖರ್ಚನ್ನೋ ಬರೆದು ಷರಾ ಹಾಕುತ್ತಾನೆ. ತಪ್ಪೂ ತಿದ್ದಿಕೆಯೂ ಎರಡೂ ಕಾಣುವಂತಿರಬೇಕೆಂಬುದು ಅವನ ಧರ್ಮ. ಹಣದ ಮಟ್ಟಿಗೆ ಸರಪಣಿ ಲೆಕ್ಕವು ಇದೇ ಧರ್ಮವನ್ನು ಯಂತ್ರಕ್ಕೆ ಕಲಿಸಿದೆ, ಸಂತೋಷ. ಆದರೆ ಲೆಕ್ಕಕ್ಕೆ ಬರುವುದು ಹಣವೊಂದೇ ಅಲ್ಲ. ರೋಗಿಯ ವೃತ್ತಾಂತ, ಕೆಲಸದಿಂದ ತೆಗೆದ ಕಾರಣ, ಸಾಲ ತೀರಿಸಲಾಗದೆ ಹೋದ ಒಂದು ಕೆಟ್ಟ ವರ್ಷ ಇವೂ ಬರುತ್ತವೆ. ೨೦೧೮ರಲ್ಲಿ ಜಾರಿಗೆ ಬಂದ ಯೂರೋಪಿನ ಕಾನೂನು, ಗೊತ್ತಾದ ಸಂದರ್ಭಗಳಲ್ಲಿ ತನ್ನ ವಿಷಯವನ್ನು ಅಳಿಸೆಂದು ಕೇಳುವ ಹಕ್ಕನ್ನು ಮನುಷ್ಯನಿಗೆ ಕೊಟ್ಟಿದೆ. ನಮ್ಮ ದೇಶದ ೨೦೨೩ರ ಕಾನೂನಿನಲ್ಲಿಯೂ ತಿದ್ದಿಸುವ, ಅಳಿಸಿಸುವ ಹಕ್ಕನ್ನು ಬರೆದಿದ್ದಾರೆ. ಈ ಕಾನೂನುಗಳ ಹಿಂದೆ ಒಂದು ನೀತಿಯಿದೆ. ಮನುಷ್ಯನು ಬದಲಾಗಬಲ್ಲನು, ಅವನ ಹಿಂದಿನದನ್ನೆಲ್ಲ ಎಂದೆಂದಿಗೂ ಎದುರಿಗೆ ಹಿಡಿದಿರುವ ಸಮಾಜವು ಆ ಬದಲಾವಣೆಗೆ ಎಡೆಯನ್ನು ಉಳಿಸುವುದಿಲ್ಲ. ಆದಕಾರಣ ಬುದ್ಧಿವಂತರಾದ ಸಂಸ್ಥೆಗಳು ಜನರ ವಿಷಯವನ್ನು ಹೊರಗೆ ಬೇರೊಂದು ಕಡೆಯಿಟ್ಟು, ಸರಪಣಿಯಲ್ಲಿ ಅಂಕಮುದ್ರೆಯನ್ನು ಮಾತ್ರ ಇಡುತ್ತವೆ. ಕಡತ ಬೇರೆ, ಶಾಸನ ಬೇರೆಯೆಂಬ ಹಳೆಯ ಏರ್ಪಾಟೇ ಹೀಗೆ ಮತ್ತೆ ಬಂದಂತಾಯಿತು.

ಅಳಿಸಲಾಗದೆಂಬ ಮಾತೂ ಎಷ್ಟು ದೂರ ನಿಲ್ಲುತ್ತದೆಂಬುದನ್ನು ೨೦೧೬ರ ಒಂದು ಪ್ರಸಂಗ ತೋರಿಸಿತು. ಎಥೀರಿಯಮ್ ಎಂಬ ತೆರೆದ ಸರಪಣಿಯ ಮೇಲೆ, ಆಡಳಿತಗಾರರಿಲ್ಲದೆ ಬರೆದಿಟ್ಟ ನಿಯಮಗಳಿಂದಲೇ ನಡೆಯತಕ್ಕ ಒಂದು ಹೂಡಿಕೆಯ ಮಂಡಲಿಯನ್ನು ಕೆಲವರು ಸ್ಥಾಪಿಸಿದರು. ಅದಕ್ಕೆ ಡಿಎಒ ಎಂದು ಹೆಸರು. ಬರೆದ ನಿಯಮವೇ ಅಲ್ಲಿ ಕಾನೂನು. ಜೂನ್ ತಿಂಗಳಲ್ಲಿ ಯಾವನೋ ಒಬ್ಬನು ಆ ನಿಯಮದಲ್ಲಿದ್ದ ಒಂದು ಬಿರುಕನ್ನು ಕಂಡುಕೊಂಡು ಸುಮಾರು ೩೬ ಲಕ್ಷ ನಾಣ್ಯಗಳನ್ನು ಸೆಳೆದುಕೊಂಡನು. ನಿಯಮದ ಅಕ್ಷರವನ್ನು ನೋಡಿದರೆ ಅವನು ಮಾಡಿದುದು ಕಳವೇ ಅಲ್ಲವೆಂದು ವಾದಿಸಿದವರೂ ಇದ್ದರು. ಉಳಿದವರು ಚರ್ಚಿಸಿ, ಮತ ತೆಗೆದುಕೊಂಡು, ಜುಲೈ ೨೦ರಂದು ಸರಪಣಿಯನ್ನೇ ಬೇರೆ ದಾರಿಗೆ ತಿರುಗಿಸಿ ಹಣವನ್ನು ಹಿಂದಕ್ಕೆ ತಂದರು. ಬರೆದುದನ್ನು ಬದಲಿಸಕೂಡದೆಂದವರು ಹಳೆಯ ಸರಪಣಿಯನ್ನೇ ಮುಂದುವರಿಸಿದರು; ಒಂದಿದ್ದುದು ಎರಡಾಯಿತು. ಯಾರದು ಸರಿ? ಅನ್ಯಾಯವನ್ನು ಕಣ್ಣಾರೆ ಕಂಡು, ಲೆಕ್ಕದಲ್ಲಿ ಹಾಗಿದೆಯೆಂದು ಸುಮ್ಮನಿರುವುದು ನನಗೆ ಒಪ್ಪಿಗೆಯಾಗದು. ಆದರೆ ಹಿಂದಕ್ಕೆ ತಿರುಗಿಸಿದವರು ಒಂದನ್ನು ಒಪ್ಪಿಕೊಳ್ಳಲೇಬೇಕು. ಆ ದಿನ ನ್ಯಾಯ ಹೇಳಿದುದು ಯಂತ್ರವಲ್ಲ, ಪಂಚಾಯಿತಿ. ಹಳ್ಳಿಯ ಪಂಚಾಯಿತಿಯಲ್ಲಾದರೆ ಪಂಚರ ಹೆಸರು ಊರಿಗೆಲ್ಲ ಗೊತ್ತು. ನ್ಯಾಯ ಕೆಟ್ಟರೆ ಅವರ ಮನೆಯ ಮುಂದೆ ಹೋಗಿ ಕೇಳಬಹುದು. ನಂಬಿಕೆ ಬೇಡವೆಂದು ಸಾರಿದ ಏರ್ಪಾಟುಗಳಲ್ಲಿ ನಂಬಿಕೆಯು ಇಲ್ಲವಾಗದೆ, ಹೆಸರು ಹೇಳದವರ ಕೈಗೆ ಹೋಗಿ ಸೇರುವ ಅಪಾಯವಿದೆ.

ನಮ್ಮ ನಾಡಿಗೂ ಈ ವಿಷಯ ದೂರದ್ದಲ್ಲ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು ೭೦ ಪಾಲು ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳು ಮುಖ್ಯವಾಗಿರುವ ಕರ್ನಾಟಕದ್ದು. ೧೯೪೨ರ ಕಾನೂನಿನ ಮೇರೆಗೆ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದರು. ಮಂಡಳಿಯೇ ಮಾರಿ, ಲೆಕ್ಕವಿಟ್ಟು, ಕಂತುಕಂತಾಗಿ ಹಣ ಕೊಡುತ್ತಿದ್ದಿತು. ಒಂದೇ ಪುಸ್ತಕ, ಒಬ್ಬನೇ ಲೆಕ್ಕಿಗ. ೧೯೯೦ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲಿ, ಬೆಳೆಗಾರನು ತನಗೆ ಬೇಕಾದವರಿಗೆ ಮಾರುವಂತಾಯಿತು. ಅವನಿಗೂ ಪರದೇಶದಲ್ಲಿ ಕಾಫಿ ಕುಡಿಯುವವನಿಗೂ ನಡುವೆ ಕೈಗಳು ಹಲವಾದುವು. ಅದೇ ಮಂಡಳಿಯು ೨೦೧೯ರ ಮಾರ್ಚ್ ೨೮ರಂದು ಸರಪಣಿ ಲೆಕ್ಕದ ಮೇಲೆ ನಿಂತ ಕಾಫಿ ಮಾರುಕಟ್ಟೆಯೊಂದನ್ನು ಪ್ರಾಯೋಗಿಕವಾಗಿ ತೆರೆಯಿತು. ನಡುವಣ ಕೈಗಳನ್ನು ಕಡಿಮೆ ಮಾಡಿ ಬೆಳೆಗಾರನಿಗೆ ನ್ಯಾಯವಾದ ಬೆಲೆ ದೊರಕಿಸುವುದು ಅದರ ಉದ್ದೇಶವೆಂದು ಹೇಳಿದರು. ಉದ್ದೇಶ ಒಳ್ಳೆಯದು. ಆದರೆ ತೋಟಗಳ ಕಡೆಯವರಿಗೆ ತಿಳಿದಿರುವಂತೆ ಕಾಫಿಯ ಬೆಲೆ ನಿಲ್ಲುವುದು ಔಟ್‌ಟರ್ನ್ ಮತ್ತು ತೇವಾಂಶ ಎಂಬ ಎರಡು ಅಂಕಗಳ ಮೇಲೆ. ಒಣಗಿದ ಕಾಯಿಯಿಂದ ಎಷ್ಟು ಬೇಳೆ ಇಳಿಯುತ್ತದೆ, ಅದರಲ್ಲಿ ನೀರೆಷ್ಟು ಎಂಬುದನ್ನು ಚೀಲದಿಂದ ಒಂದು ಹಿಡಿ ಮಾದರಿ ತೆಗೆದು ನೋಡಿ ನಿರ್ಣಯಿಸುತ್ತಾರೆ. ಆ ಹಿಡಿಯನ್ನು ಚೀಲದ ಯಾವ ಮೂಲೆಯಿಂದ ತೆಗೆದರು, ತೂಗಿದವರು ಕೊಳ್ಳುವವರ ಕಡೆಯವರೋ ಬೇರೆಯವರೋ ಎಂಬುದು ಸರಪಣಿಗೆ ತಿಳಿಯುವುದಿಲ್ಲ. ಅಂಕವು ಒಮ್ಮೆ ಹಾಳೆಗೆ ಬಿದ್ದರೆ ಬೆಳೆಗಾರನು ಅದರೊಡನೆ ವಾದಿಸುವುದು ಹಿಂದಿಗಿಂತ ಕಷ್ಟವಾಗಬಹುದು. ಆದುದರಿಂದ ಇಂತಹ ಮಾರುಕಟ್ಟೆಗೆ ಗಣಕಯಂತ್ರಕ್ಕಿಂತ ಮೊದಲು ಬೇಕಾದುದು, ಎರಡು ಪಕ್ಷದವರೂ ಒಪ್ಪುವ ಪರೀಕ್ಷಕನೂ, ಅವನ ತೀರ್ಪಿನ ಮೇಲೆ ಮನವಿ ಕೇಳುವ ಒಂದು ಸ್ಥಳವೂ ಎಂದು ನಾನು ಭಾವಿಸುತ್ತೇನೆ.

ಆ ಮಾರುಕಟ್ಟೆಯನ್ನು ತೆರೆದಾಗ ಅದರಲ್ಲಿ ಕೂಡತಕ್ಕವರೆಂದು ಹೆಸರಿಸಿದುದು ಬೆಳೆಗಾರರನ್ನು, ವರ್ತಕರನ್ನು, ಕ್ಯೂರಿಂಗ್ ಮಾಡುವವರನ್ನು, ರಫ್ತು ಮಾಡುವವರನ್ನು, ಹುರಿಯುವವರನ್ನು, ಆಮದು ಮಾಡುವವರನ್ನು ಮತ್ತು ಚಿಲ್ಲರೆ ಅಂಗಡಿಯವರನ್ನು. ಗಿಡದಿಂದ ಹಣ್ಣನ್ನು ಬಿಡಿಸುವವರು ಆ ಪಟ್ಟಿಯಲ್ಲಿಲ್ಲ. ಕೊಯ್ಲಿನ ದಿನಗಳಲ್ಲಿ ಅವರು ಸಂಜೆ ತಮ್ಮ ಚೀಲಗಳನ್ನು ಹೊತ್ತುತಂದು ತೂಕಕ್ಕೆ ಇಡುತ್ತಾರೆ; ತೋಟದ ರೈಟರು ಆ ತೂಕವನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ; ಅದರ ಪ್ರತಿಯು ಬಿಡಿಸಿದವರ ಕೈಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.